ಗಿಡಕ್ಕೂ ನಮಗೂ ಒಂದೇ ಸೂಜಿ

ಕೇಳುಗರಿಗೆಲ್ಲ ನಮಸ್ಕಾರ.

ಕೋಲಾರದ ಕಡೆ ಟೊಮೆಟೊ ಬೆಳೆಯುವವರಿಗೆ ಸೊರಗು ರೋಗ ಹೊಸದಲ್ಲ. ಬೆಳಿಗ್ಗೆ ನೆಟ್ಟಗಿದ್ದ ಗಿಡ ಮಧ್ಯಾಹ್ನಕ್ಕೆ ಜೋತುಬೀಳುತ್ತದೆ. ಸಂಜೆಗೆ ಸ್ವಲ್ಪ ಚೇತರಿಸಿಕೊಳ್ಳುತ್ತದೆ. ಎಲೆ ಮಾತ್ರ ಹಸಿರಾಗೇ ಇರುತ್ತದೆ. ನೀರು ಸಾಲಲಿಲ್ಲವೇನೋ ಅಂತ ಜಾಸ್ತಿ ನೀರು ಬಿಡುತ್ತೇವೆ. ಕೆಲವೇ ದಿನಕ್ಕೆ ಗಿಡ ಸತ್ತುಹೋಗುತ್ತದೆ. ಆ ಹೊಟ್ಟೆಯುರಿ ಬೆಳೆದವರಿಗೇ ಗೊತ್ತು.

ಅಂಥ ಗಿಡದ ಕಾಂಡವನ್ನು ಬುಡದ ಹತ್ತಿರ ಕತ್ತರಿಸಿ. ಗಾಜಿನ ಲೋಟದ ತಿಳಿನೀರಿನಲ್ಲಿ ಕತ್ತರಿಸಿದ ತುದಿ ಮುಳುಗುವ ಹಾಗೆ ಹಿಡಿಯಿರಿ. ಅಲುಗಾಡಿಸಬೇಡಿ. ಕೆಲವು ನಿಮಿಷಗಳಲ್ಲಿ ತುದಿಯಿಂದ ಹಾಲಿನಂಥ ಬಿಳಿ ಎಳೆ ಕೆಳಗಿಳಿಯುತ್ತದೆ. ಅದು ಗಿಡದ ಹಾಲಲ್ಲ, ಅಂಟಿನ ಜೊತೆ ಸುರಿಯುತ್ತಿರುವ ದುಂಡಾಣು. ಲೆಕ್ಕಕ್ಕೆ ಸಿಗದಷ್ಟು. ಇದರ ಹೆಸರು ರಾಲ್‌ಸ್ಟೋನಿಯಾ.

ಮಣ್ಣಿನಲ್ಲಿರುವ ಇದಕ್ಕೆ ಬೇರಿನ ಮೇಲೆ ಸಣ್ಣ ಗಾಯ ಇದ್ದರೆ ಸಾಕು. ಕವಲುಬೇರು ಮೂಡುವಾಗ ಬಿಡುವ ಸಂದಾದರೂ ಸಾಕು. ಒಳಹೊಕ್ಕು, ನೀರು ಏರುವ ಕೊಳವೆ ಸೇರಿ, ಅಂಟು ತುಂಬಿ ದಾರಿ ಕಟ್ಟಿಬಿಡುತ್ತದೆ. ಬುಡದಲ್ಲಿ ನೀರಿದ್ದೂ ಗಿಡ ಬಾಯಾರಿ ಸಾಯುತ್ತದೆ.

ಗಿಡ ಸುಮ್ನೆ ಸೋಲುವುದಿಲ್ಲ. ಅದರ ಒಂದೊಂದು ಜೀವಕೋಶಕ್ಕೂ ಶತ್ರುವಿನ ಗುರುತು ಹಿಡಿಯುವ ಶಕ್ತಿ ಇದೆ. ರೋಗ ಹಬ್ಬದಿರಲಿ ಅಂತ ತಾನೇ ಸಾಯುವ ಕೋಶಗಳೂ ಇವೆ. ಈ ಕಾವಲು ಮುರಿಯಲು ದುಂಡಾಣು ಒಂದು ಸೂಜಿ ಇಟ್ಟುಕೊಂಡಿದೆ. ಅದರ ಮೂಲಕ ಕೋಶದೊಳಗೆ ತನ್ನ ಪ್ರೋಟೀನು ಚುಚ್ಚಿ ಕಾವಲನ್ನು ಮಂಕು ಮಾಡುತ್ತದೆ.

ಟೈಫಾಯ್ಡ್ ತರುವ ಸಾಲ್ಮೊನೆಲ್ಲಾ ಹತ್ತಿರವೂ ಇದೇ ಬಗೆಯ ಸೂಜಿ ಇದೆ! ನನಗಂತೂ ಇದು ತಿಳಿದಾಗ ಮೈ ಜುಂ ಎಂದಿತ್ತು. ಗಿಡದ ಕೋಶಕ್ಕೆ ದಪ್ಪ ಗೋಡೆ ಇರುತ್ತದೆ, ಅದಕ್ಕೇ ಅಲ್ಲಿನ ಸೂಜಿ ಉದ್ದ. ನಮ್ಮ ಕೋಶಕ್ಕೆ ಗೋಡೆಯೇ ಇಲ್ಲ, ಗಿಡ್ಡ ಸೂಜಿ ಸಾಕು. ಕೊಳಕು ನೀರಿನ ಜೊತೆ ಕರುಳಿಗೆ ಬಂದ ಸಾಲ್ಮೊನೆಲ್ಲಾ ಚುಚ್ಚಿದರೆ, ಕರುಳಿನ ಕೋಶ ತಾನಾಗಿಯೇ ಅದನ್ನು ಒಳಗೆಳೆದುಕೊಳ್ಳುತ್ತದೆ. ಮುಂದೆ, ಅದನ್ನು ನುಂಗಿ ಕೊಲ್ಲಬೇಕಾದ ಬಿಳಿ ರಕ್ತಕಣದೊಳಗೇ ಅಡಗಿ ಬದುಕುತ್ತದೆ.

ಟೈಫಾಯ್ಡ್‌ಗೆ ವೈದ್ಯರ ಹತ್ತಿರ ಆ್ಯಂಟಿಬಯೋಟಿಕ್ ಇದೆ. ಸೊರಗಿದ ಗಿಡವನ್ನು ಉಳಿಸುವ ಔಷಧಿ ಇಲ್ಲ. ಬೇರುಸಮೇತ ಕಿತ್ತು ಸುಟ್ಟುಬಿಡಿ. ಆ ಸಾಲಿನ ನೀರು ಪಕ್ಕದ ಸಾಲಿಗೆ ಹರಿಯದಿರಲಿ. ಮುಂದಿನ ಬೆಳೆಗೆ ಬದನೆ, ಮೆಣಸಿನಕಾಯಿ ಬೇಡ, ಅವಕ್ಕೂ ಇದೇ ರೋಗ ಬರುತ್ತದೆ. ಜೋಳವನ್ನೋ ರಾಗಿಯನ್ನೋ ಹಾಕಿ.

ಪರೀಕ್ಷೆ ಮಾಡಿದ ಆ ಲೋಟದ ನೀರನ್ನು ಹೊಲಕ್ಕೆ ಚೆಲ್ಲಬೇಡಿ. ಚೆನ್ನಾಗಿ ಕುದಿಸಿ, ಆಮೇಲೆ ಚೆಲ್ಲಿ.