ಮಿತ್ಸುಹರು ಮಿಸಾವಾ: ಬೀಳುವುದರಲ್ಲಿ ಪಳಗಿದ ಪೈಲ್ವಾನ

ಸ್ನೇಹಿತರೇ, ಎಲ್ಲರಿಗೂ ನಮಸ್ಕಾರ.

ಜಪಾನಿನ ಪ್ರೊ ರೆಸ್ಲಿಂಗ್ ಅಂದ ಕೂಡಲೇ ಬಹಳ ಜನ ಆಂಟೋನಿಯೊ ಇನೋಕಿ ಹೆಸರು ಹೇಳುತ್ತಾರೆ. 1976ರಲ್ಲಿ ಮುಹಮ್ಮದ್ ಅಲಿ ಎದುರು ರಿಂಗಿಗೆ ಇಳಿದವರು. ಇವತ್ತು ನಾನು ಮಾತಾಡುವುದು ಮಿತ್ಸುಹರು ಮಿಸಾವಾ ಬಗ್ಗೆ. ರಿಂಗಿನೊಳಗೆ ಅವರಷ್ಟು ಚೆನ್ನಾಗಿ ಏಟು ತಿಂದವರು, ಅವರಷ್ಟು ಚೆನ್ನಾಗಿ ಬಿದ್ದವರು ಇನ್ನೊಬ್ಬರಿಲ್ಲ ಅಂತ ನನ್ನ ಅಭಿಪ್ರಾಯ. ಹೆಸರು ತಂದುಕೊಟ್ಟದ್ದು ಆ ಬೀಳುವಿಕೆ. ಜೀವ ತೆಗೆದದ್ದೂ ಅದೇ.

"ಇದೆಲ್ಲ ಸುಮ್ನೆ ನಾಟಕ ಅಲ್ವಾ?" ಅಂತ ಕೇಳುವವರು ಎಲ್ಲ ಕಡೆ ಇರುತ್ತಾರೆ. ಯಾರು ಗೆಲ್ಲಬೇಕು ಅನ್ನುವುದು ಮೊದಲೇ ತೀರ್ಮಾನವಾಗಿರುತ್ತದೆ, ನಿಜ. ಆದರೆ ನೂರು ಕಿಲೋ ಮನುಷ್ಯನನ್ನು ಸೊಂಟ ಹಿಡಿದು ಎತ್ತಿ ಹಿಂದಕ್ಕೆ ಒಗೆದರೆ ಅವನು ಬೀಳಲೇಬೇಕು. ಕೆಳಗೆ ಹಲಗೆ, ಅದರ ಮೇಲೆ ತೆಳ್ಳನೆಯ ಹಾಸು, ಅದರ ಮೇಲೆ ಕ್ಯಾನ್ವಾಸ್, ಅಷ್ಟೇ. ಗದ್ದವನ್ನು ಎದೆಗೆ ಒತ್ತಿಕೊಳ್ಳಬೇಕು. ಬೆನ್ನಿನ ಮೇಲ್ಭಾಗ ಪೂರ್ತಿ ಒಂದೇ ಸಲ ನೆಲಕ್ಕೆ ತಾಗಬೇಕು. ಕೈಗಳಿಂದ ನೆಲ ಬಡಿದು ಪೆಟ್ಟನ್ನು ಹಂಚಿಬಿಡಬೇಕು. ಜಪಾನಿನವರು ಇದನ್ನು ಉಕೆಮಿ ಅನ್ನುತ್ತಾರೆ. ಹೊಸಬರು ಪಟ್ಟು ಕಲಿಯುವ ಮೊದಲು ಬೀಳುವುದನ್ನೇ ದಿನವೂ ಅಭ್ಯಾಸ ಮಾಡುತ್ತಾರೆ. ಮಿಸಾವಾ ಇದರಲ್ಲಿ ಎಲ್ಲರಿಗಿಂತ ಮುಂದಿದ್ದರು.

ಅವರು ಹುಟ್ಟಿದ್ದು 1962ರಲ್ಲಿ, ಹೊಕ್ಕೈಡೊದ ಯೂಬಾರಿಯಲ್ಲಿ. ಕಲ್ಲಿದ್ದಲು ಗಣಿಯ ಊರು ಅದು. ಬೆಳೆದದ್ದು ಟೋಕಿಯೊ ಪಕ್ಕದ ಸೈತಾಮಾದಲ್ಲಿ. ಹೈಸ್ಕೂಲಿನಲ್ಲಿ ಕುಸ್ತಿ ಆಡಿದರು. ಅದೇ ಶಾಲೆಯಲ್ಲಿ ಮಿಸಾವಾಗಿಂತ ಒಂದು ವರ್ಷ ಕಿರಿಯರಾಗಿ ತೊಶಿಯಾಕಿ ಕವಾಡಾ ಇದ್ದರು. ಈ ಹೆಸರು ಮುಂದೆ ಮತ್ತೆ ಬರುತ್ತದೆ. 1981ರಲ್ಲಿ ಮಿಸಾವಾ ಪೈಲ್ವಾನ ಜೈಂಟ್ ಬಾಬಾ ಅವರ ಆಲ್ ಜಪಾನ್ ರೆಸ್ಲಿಂಗ್ ಸಂಸ್ಥೆ ಸೇರಿ ಅದೇ ಆಗಸ್ಟಿನಲ್ಲಿ ಮೊದಲ ಪಂದ್ಯ ಆಡಿದರು. 1984ರಲ್ಲಿ ಮೆಕ್ಸಿಕೋಗೆ ಹೋಗಿ ಬಂದ ಮೇಲೆ ಮಿಸಾವಾಗೆ ಬಾಬಾ ಒಂದು ಹುಲಿ ಮುಖವಾಡ ತೊಡಿಸಿದರು. ಟೈಗರ್ ಮಾಸ್ಕ್. ಅದು ಕಾಮಿಕ್ಸ್‌ನಿಂದ ಬಂದ ಪಾತ್ರ, ಇನ್ನೊಬ್ಬರು ಮೊದಲೇ ಆಡಿ ಪ್ರಸಿದ್ಧಿಗೆ ತಂದಿದ್ದ ಪಾತ್ರ. ಮಿಸಾವಾ ಎರಡನೆಯವರು. ಸುಮಾರು ಆರು ವರ್ಷ ಬೇರೊಬ್ಬರ ಮುಖ ಹೊತ್ತುಕೊಂಡೇ ಆಡಿದರು.

1990ರಲ್ಲಿ ಎಲ್ಲ ಬದಲಾಯಿತು. ಬಾಬಾ ಅವರ ಸಂಸ್ಥೆಯ ದೊಡ್ಡ ತಾರೆ ಗೆನಿಚಿರೊ ತೆನ್ರ್ಯೂ ಬಿಟ್ಟುಹೋದರು. ಕನ್ನಡಕ ಮಾರುವ ಕಂಪನಿಯೊಂದು ದುಡ್ಡು ಹಾಕಿ ಹೊಸ ರೆಸ್ಲಿಂಗ್ ಸಂಸ್ಥೆ ತೆಗೆದಿತ್ತು, ಅಲ್ಲಿಗೆ. ಆ ಮೇ 14ರಂದು ಟೋಕಿಯೊದಲ್ಲಿ ಒಂದು ಜೋಡಿ ಪಂದ್ಯ. ನಡುವೆ ಮಿಸಾವಾ ತಮ್ಮ ಜೊತೆಗಾರ ಕವಾಡಾ ಕಡೆ ತಿರುಗಿ ಮುಖವಾಡದ ದಾರ ಬಿಚ್ಚು ಅಂದರು. ಬಿಚ್ಚಿಸಿ ಅದನ್ನು ಜನರತ್ತ ಎಸೆದರು. ತಿಂಗಳು ಕಳೆಯುವ ಮೊದಲೇ, ಜೂನ್ 8ರಂದು, ಟೋಕಿಯೊದ ಕ್ರೀಡಾಂಗಣ ನಿಪ್ಪಾನ್ ಬುಡೋಕಾನ್‌ನಲ್ಲಿ ಜಂಬೊ ತ್ಸುರುತಾ ಅವರನ್ನು ಸೋಲಿಸಿದರು. ತ್ಸುರುತಾ ಅಂದರೆ 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕುಸ್ತಿ ಆಡಿ ಬಂದವರು, ಆಗ ಆಲ್ ಜಪಾನ್‌ನ ಅತಿ ದೊಡ್ಡ ಹೆಸರು. ಆ ಪಂದ್ಯದಲ್ಲಿ ಜನ "ಮಿಸಾವಾ, ಮಿಸಾವಾ" ಅಂತ ಕೂಗುವುದನ್ನು ಕೇಳಿದರೆ ಇವತ್ತಿಗೂ ನನಗೆ ಮೈ ಜುಮ್ಮೆನ್ನುತ್ತದೆ.

ಮುಂದಿನ ಹತ್ತು ವರ್ಷ ಆಲ್ ಜಪಾನ್‌ಗೆ ಸುಗ್ಗಿ. 1992ರ ಆಗಸ್ಟಿನಲ್ಲಿ ಅಮೆರಿಕದ ಸ್ಟ್ಯಾನ್ ಹ್ಯಾನ್ಸನ್ ಅವರನ್ನು ಸೋಲಿಸಿ ಮಿಸಾವಾ ಸಂಸ್ಥೆಯ ಅತಿ ದೊಡ್ಡ ಪಟ್ಟವಾದ ಟ್ರಿಪಲ್ ಕ್ರೌನ್ ಗೆದ್ದರು. ಕವಾಡಾ, ಕೆಂಟಾ ಕೊಬಾಶಿ, ಅಕಿರಾ ತಾಉಎ, ಮಿಸಾವಾ: ಈ ನಾಲ್ವರು ಒಬ್ಬರಿಗೊಬ್ಬರು ಎದುರಾಗಿ ಆಡಿದ್ದು ನೋಡಿದರೆ ದಂಗಾಗುತ್ತೀರಿ. ರಿಂಗಿನ ಹೊರಗೇ ಉಳಿದು ಸೋಲುವುದು, ನಿಯಮ ಮುರಿದು ಸೋಲುವುದು, ಅರ್ಧಕ್ಕೆ ನಿಂತ ಪಂದ್ಯ, ಅಂಥದ್ದನ್ನೆಲ್ಲ ಬಾಬಾ ಹೆಚ್ಚುಕಡಿಮೆ ನಿಲ್ಲಿಸಿಬಿಟ್ಟಿದ್ದರು. ಗೆದ್ದವರು ಎದುರಾಳಿಯ ಭುಜ ನೆಲಕ್ಕೆ ಒತ್ತಿಯೇ ಗೆಲ್ಲಬೇಕು. ಜನರಿಗೆ ಇದು ತುಂಬ ಹಿಡಿಸಿತು.

ಆದರೆ ಇಲ್ಲೇ ಒಂದು ಸಿಕ್ಕು. ಪ್ರತಿ ಪಂದ್ಯವೂ ಪಟ್ಟಿನಿಂದಲೇ ಮುಗಿಯಬೇಕು ಅಂದರೆ, ಹಳೆ ಪಟ್ಟಿಗೆ ಎದುರಾಳಿ ಏಳುತ್ತಾನೆ ಅಂದ ಮೇಲೆ, ಹೊಸದು ಇನ್ನೂ ಜೋರಾಗಿರಬೇಕು. ಮೊದಲು ಬೆನ್ನ ಮೇಲೆ ಬೀಳುತ್ತಿದ್ದವರು ಆಮೇಲಾಮೇಲೆ ಕುತ್ತಿಗೆಯ ಮೇಲೆ, ತಲೆಯ ಮೇಲೆ ಬೀಳತೊಡಗಿದರು. 1994ರ ಜೂನ್ 3ರಂದು ಮಿಸಾವಾ ಕವಾಡಾ ಅವರನ್ನು ಸೋಲಿಸಿದ ಪಟ್ಟು ಅಂಥದ್ದೇ. ಎರಡೂ ಕೈ ಹಿಂದಕ್ಕೆ ಕಟ್ಟಿ ಹಿಡಿದಿರುವುದರಿಂದ ಬೀಳುವವರಿಗೆ ನೆಲ ಬಡಿಯಲು ಕೈಯೇ ಇಲ್ಲ. ಅತಿ ಅಪಾಯದ ಪಟ್ಟು ಅಂತ ಅದನ್ನು ಮಿಸಾವಾ ತೀರ ಅಪರೂಪಕ್ಕೆ ತೆಗೆಯುತ್ತಿದ್ದರು.

ಬಾಬಾ 1999ರ ಜನವರಿ 31ಕ್ಕೆ ತೀರಿಕೊಂಡರು. ಮಿಸಾವಾ ಸಂಸ್ಥೆಯ ಅಧ್ಯಕ್ಷರಾದರು, ಆದರೆ ಮಾಲೀಕತ್ವ ಬಾಬಾ ಅವರ ಪತ್ನಿಯ ಕೈಯಲ್ಲಿತ್ತು. ಇಬ್ಬರಿಗೂ ಹೊಂದಿಕೆಯಾಗಲಿಲ್ಲ. 2000ದ ಜೂನ್‌ನಲ್ಲಿ ಮಿಸಾವಾ ಹೊರಬಂದರು. ಅವರ ಹಿಂದೆ ಜಪಾನಿ ಪೈಲ್ವಾನರು ಹೆಚ್ಚುಕಡಿಮೆ ಎಲ್ಲರೂ ಹೊರಟರು. ಉಳಿದವರು ಇಬ್ಬರೇ: ಮಸನೊಬು ಫುಚಿ ಮತ್ತು ಕವಾಡಾ. ಮಿಸಾವಾ ತಮ್ಮ ಹೊಸ ಸಂಸ್ಥೆಗೆ ನೋವಾ ಅಂತ ಹೆಸರಿಟ್ಟರು. ಹಡಗಿನಲ್ಲಿ ಎಲ್ಲರನ್ನೂ ಕರೆದುಕೊಂಡು ಹೋದ ಬೈಬಲ್ಲಿನ ನೋಹನ ಹೆಸರು. ಅಷ್ಟು ಜನ ಸಂಬಳಕ್ಕೆ ಇವರನ್ನೇ ನಂಬಿ ಬಂದಿದ್ದರು. ಮಿಸಾವಾ ಯಾಕೆ ಕೊನೆಯವರೆಗೂ ರಿಂಗ್ ಬಿಡಲಿಲ್ಲ ಅಂತ ಕೇಳುವವರಿಗೆ ನನ್ನ ಉತ್ತರ ಇದೇ. ಅವರ ಹೆಸರಿಗೆ ಟಿಕೆಟ್ ಹೋಗುತ್ತಿತ್ತು.

2003ರ ಮಾರ್ಚ್ 1ರಂದು ಕೊಬಾಶಿ ಜೊತೆ ಆಡಿದ ಪಂದ್ಯದಲ್ಲಿ ಮಿಸಾವಾ ರಿಂಗಿಗೆ ನಡೆದು ಬರುವ ಎತ್ತರದ ದಾರಿಯಾದ ರ‍್ಯಾಂಪ್ ಮೇಲಿಂದ ಕೆಳಗಿನ ನೆಲಕ್ಕೆ ಕೊಬಾಶಿಯನ್ನು ಎತ್ತಿ ಒಗೆದು, ಜೊತೆಗೆ ತಾವೂ ಬಿದ್ದರು. ಆಗ ಮಿಸಾವಾಗೆ 40 ವಯಸ್ಸು. ಇಬ್ಬರೂ ಎದ್ದು ಮುಂದೆ ಆಡಿದರು, ಕೊಬಾಶಿ ಗೆದ್ದರು. ಅದು ಮಹಾನ್ ಪಂದ್ಯ. ಅದು ನಡೆಯಬಾರದಿತ್ತು ಅಂತಲೂ ನಾನು ಹೇಳುತ್ತೇನೆ. ಎರಡೂ ಮಾತು ಮನಸಾರೆ ಹೇಳುತ್ತಿದ್ದೇನೆ.

2009ರ ಮಾರ್ಚ್‌ನಲ್ಲಿ ನೋವಾದ ಟಿವಿ ಪ್ರಸಾರ ನಿಂತುಹೋಯಿತು. ದೊಡ್ಡ ಹೊಡೆತ ಅದು. ಜೂನ್ 13ರಂದು ಹಿರೋಶಿಮಾದಲ್ಲಿ ಜೋಡಿ ಪಂದ್ಯ. ಮಿಸಾವಾ ಜೊತೆ ಯುವಕ ಗೊ ಶಿಯೊಜಾಕಿ. ಎದುರಿಗೆ ಅಕಿತೊಶಿ ಸೈತೊ, ಬೈಸನ್ ಸ್ಮಿತ್. ಸೈತೊ ಹಾಕಿದ, ಸೊಂಟ ಹಿಡಿದು ಎತ್ತಿ ಹಿಂದಕ್ಕೆ ಒಗೆಯುವ ಬ್ಯಾಕ್‌ಡ್ರಾಪ್‌ನಿಂದ ಬಿದ್ದ ಮಿಸಾವಾ ಏಳಲಿಲ್ಲ. ರೆಫರಿ ಕೇಳಿದಾಗ ಅಲುಗಾಡಲು ಆಗುತ್ತಿಲ್ಲ ಅಂದರು. ಕುತ್ತಿಗೆಯ ಬಳಿ ಬೆನ್ನುಹುರಿಗೆ ಪೆಟ್ಟಾಗಿತ್ತು. ಅದೇ ರಾತ್ರಿ ಆಸ್ಪತ್ರೆಯಲ್ಲಿ ತೀರಿಕೊಂಡರು. 46 ವಯಸ್ಸು.

ಸೈತೊ ಮೇಲೆ ಕೋಪ ಮಾಡಿಕೊಂಡವರಿದ್ದರು. ಅದು ಅನ್ಯಾಯ. ಅದು ದಿನವೂ ಹಾಕುವ ಪಟ್ಟು. ಮಿಸಾವಾ ಅಂಥದ್ದನ್ನು ಸಾವಿರಾರು ಸಲ ತಿಂದಿದ್ದರು. ಆ ಸಾವಿರಾರು ಪೆಟ್ಟು ಕುತ್ತಿಗೆಯಲ್ಲಿ ಸೇರಿಕೊಂಡಿದ್ದವು. ದಣಿದ ಮೈಗೆ ವಿಶ್ರಾಂತಿ ಕೊಡುವ ವ್ಯವಸ್ಥೆಯೇ ಇರಲಿಲ್ಲ. ಸೈತೊ ಆಟ ಬಿಡದೆ ರಿಂಗಿನಲ್ಲೇ ಉಳಿದರು. ಅದಕ್ಕೆ ಬೇಕಾದ ಗಟ್ಟಿತನ ದೊಡ್ಡದು.

ಜುಲೈ 4ರಂದು ಟೋಕಿಯೊದಲ್ಲಿ ಅಭಿಮಾನಿಗಳ ವಿದಾಯ ಸಭೆಗೆ ಸುಮಾರು 25 ಸಾವಿರ ಜನ ಬಂದರು.

ನೋಡಬೇಕು ಅನ್ನುವವರು 1990ರ ಜೂನ್ 8ರ ಪಂದ್ಯದಿಂದ ಶುರು ಮಾಡಿ. ಆಮೇಲೆ 1994ರದ್ದು. 2003ರದ್ದನ್ನು ಕೊನೆಗಿಡಿ. ಮಿಸಾವಾ ಹೊಡೆಯುವುದನ್ನಲ್ಲ, ಬೀಳುವುದನ್ನು ಗಮನಿಸಿ. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.