ಹೆಲ್ಮೆಟ್ ಹಾರಿದ ಮೇಲಿನ ಒಂದು ಪ್ಲೇ

ಈ ಗೆರೆ ನೋಡಿ. ಇಲ್ಲಿಂದ ಎಂಡ್ ಝೋನ್‌ಗೆ (ಬಾಲ್ ಮುಟ್ಟಿಸಬೇಕಾದ ಮೈದಾನದ ಕೊನೆಯ ಪಟ್ಟಿ) ಸರಿಯಾಗಿ 25 ಯಾರ್ಡ್. ಅಮೆರಿಕದ ಕಾಲೇಜ್ ಫುಟ್‌ಬಾಲ್‌ನಲ್ಲಿ ಪಂದ್ಯ ಸಮ ಆದ್ರೆ ಓವರ್‌ಟೈಮ್ ಶುರುವಾಗೋದು ಇಲ್ಲಿಂದಲೇ. ಪಂದ್ಯದ ಗಡಿಯಾರ ಇಲ್ಲ, ಕಿಕ್‌ಆಫ್ ಇಲ್ಲ. ಒಬ್ಬರದ್ದು ಒಂದು ಸರದಿ, ಆಮೇಲೆ ಇನ್ನೊಬ್ಬರದ್ದು.

2024ರ ಡಿಸೆಂಬರ್ 7, ಅಟ್ಲಾಂಟಾದ ಮರ್ಸಿಡಿಸ್-ಬೆಂಜ್ ಸ್ಟೇಡಿಯಂ. ಎಸ್‌ಇಸಿ ಕಾನ್ಫರೆನ್ಸ್‌ನ (ಕಾಲೇಜ್ ತಂಡಗಳ ಒಂದು ಗುಂಪು) ಚಾಂಪಿಯನ್‌ಶಿಪ್ ಪಂದ್ಯ, ಜಾರ್ಜಿಯಾ ಎದುರು ಟೆಕ್ಸಸ್. ನಮ್ಮಲ್ಲಿ ಆಗ ಭಾನುವಾರ ಬೆಳಗಿನ ಜಾವ. ನಾಲ್ಕು ಕ್ವಾರ್ಟರ್ ಮುಗಿದಾಗ ಸ್ಕೋರ್ 16-16. 1992ರಿಂದ ನಡೀತಿರೋ ಈ ಪಂದ್ಯ ಓವರ್‌ಟೈಮ್‌ಗೆ ಹೋಗಿದ್ದು ಅದೇ ಮೊದಲು.

ಓವರ್‌ಟೈಮ್‌ನಲ್ಲಿ ಟಾಸ್ ಗೆದ್ದವರು ಸಾಮಾನ್ಯವಾಗಿ ಬಾಲ್ ಕೇಳಲ್ಲ, ಡಿಫೆನ್ಸ್ ಕೇಳ್ತಾರೆ. ಸೂಪರ್ ಓವರ್‌ನಲ್ಲಿ ಚೇಸ್ ಮಾಡೋರಿಗೆ ಎಷ್ಟು ರನ್ ಬೇಕು ಅಂತ ಮೊದಲೇ ಗೊತ್ತಿರುತ್ತಲ್ಲ, ಇದೂ ಹಾಗೇ. ಮೊದಲು ಆಡೋ ತಂಡ ನಾಲ್ಕನೇ ಡೌನ್‌ನಲ್ಲಿ (10 ಯಾರ್ಡ್ ಸಾಗೋಕೆ ಸಿಗೋ ನಾಲ್ಕು ಯತ್ನಗಳಲ್ಲಿ ಕೊನೆಯದು) ಸಿಕ್ಕಿಕೊಂಡ್ರೆ, ಕಂಬಗಳ ನಡುವೆ ಬಾಲ್ ಒದೆಯೋ ಫೀಲ್ಡ್ ಗೋಲ್‌ನ 3 ಪಾಯಿಂಟ್ ಸಾಕೋ ಸಾಲದೋ ಅಂತ ಊಹೆ ಮೇಲೆ ನಿರ್ಧರಿಸಬೇಕು. ಒಂದು ಯಾರ್ಡ್ ಮುಂದೆ ಹೋಗದಿದ್ರೂ ಫೀಲ್ಡ್ ಗೋಲ್ ಸುಮಾರು 42 ಯಾರ್ಡ್ ದೂರದ್ದು: ಗೋಲ್ ಗೆರೆವರೆಗೆ 25, ಎಂಡ್ ಝೋನ್ 10, ಬಾಲನ್ನ ಹಿಂದಕ್ಕೆ ಎಸೆದು ನೆಲಕ್ಕೆ ಇಡೋಕೆ 7. ಮೊದಲು ಆಡಿದ ಟೆಕ್ಸಸ್ ಫೀಲ್ಡ್ ಗೋಲ್ ತಗೊಂಡಿತು. 19-16.

ಈಗ ಜಾರ್ಜಿಯಾ. ಅವರ ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆದು ದಾಳಿ ನಡೆಸೋ ಆಟಗಾರ) ಕಾರ್ಸನ್ ಬೆಕ್ ಮೊದಲರ್ಧದ ಕೊನೆಯಲ್ಲೇ ಬಲ ಮೊಣಕೈಗೆ ಪೆಟ್ಟು ಮಾಡ್ಕೊಂಡಿದ್ದ, ಎಸೆಯೋ ಕೈಗೇ. ದ್ವಿತೀಯಾರ್ಧದಿಂದ ಆಡ್ತಿದ್ದವನು ಗನ್ನರ್ ಸ್ಟಾಕ್ಟನ್. ಗೋಲ್ ಗೆರೆ ಹತ್ರ ತಾನೇ ಬಾಲ್ ಹಿಡ್ಕೊಂಡು ನುಗ್ಗಿದ ಅವನಿಗೆ ಎಂಥ ಡಿಕ್ಕಿ ಬಿತ್ತು ಅಂದ್ರೆ ಹೆಲ್ಮೆಟ್ ಕಳಚಿ ಹಾರಿತು. ಎದುರಾಳಿ ಫೌಲ್ ಇಲ್ಲದೆ ಹೆಲ್ಮೆಟ್ ಬಿದ್ರೆ ಆ ಆಟಗಾರ ಮುಂದಿನ ಪ್ಲೇಗೆ ಹೊರಗಿರಬೇಕು. ತಲೆಗೆ ಅಪಾಯ ಆಗಬಾರದು ಅಂತ ಇರೋ ನಿಯಮ ಇದು, ಇರಲೇಬೇಕು.

ಹಾಗಾಗಿ ಬೆಕ್ ಮತ್ತೆ ಒಳಗೆ ಬಂದ. ಪಾಸ್ ಎಸೆಯೋ ಸ್ಥಿತಿ ಇಲ್ಲ, ಹ್ಯಾಂಡಾಫ್, ಅಂದ್ರೆ ಬಾಲನ್ನ ಇನ್ನೊಬ್ಬನ ಕೈಗೆ ಕೊಡೋದು, ಒಂದೇ ದಾರಿ. ಸುಲಭ ಅಂತ ಕಾಣುತ್ತೆ, ಆದ್ರೆ ಎರಡು ಕ್ವಾರ್ಟರ್ ಸೈಡ್‌ಲೈನ್‌ನಲ್ಲಿದ್ದ ಕೈಗೆ ಸೆಂಟರ್‌ನಿಂದ (ಪ್ಲೇ ಶುರುವಿಗೆ ಬಾಲ್ ಹಿಂದಕ್ಕೆ ಕೊಡೋ ಆಟಗಾರ) ಬಾಲ್ ಬರಬೇಕು, ಓಡಿ ಬರೋ ರನ್ನಿಂಗ್ ಬ್ಯಾಕ್‌ನ ಹೊಟ್ಟೆಗೆ ಸರಿಯಾಗಿ ಒತ್ತಬೇಕು. ಬೇಗ ಬಿಟ್ರೂ ಜಾರುತ್ತೆ, ತಡವಾದ್ರೂ ಜಾರುತ್ತೆ. ಟೆಕ್ಸಸ್ ಕೈಗೆ ಸಿಕ್ಕಿದ್ರೆ ಅಲ್ಲಿಗೇ ಪಂದ್ಯ ಮುಗೀತು. ಜಾರಲಿಲ್ಲ. ರನ್ನಿಂಗ್ ಬ್ಯಾಕ್ ಟ್ರೆವರ್ ಎಟಿಯೆನ್ 4 ಯಾರ್ಡ್ ನುಗ್ಗಿ ಎಂಡ್ ಝೋನ್ ಹೊಕ್ಕ, ಟಚ್‌ಡೌನ್, 6 ಪಾಯಿಂಟ್. ಎಕ್ಸ್‌ಟ್ರಾ ಪಾಯಿಂಟ್ ಕಿಕ್ ಕೂಡ ಬೇಕಾಗಲಿಲ್ಲ, 22-19. ನನಗೆ ಇಡೀ ಪಂದ್ಯದಲ್ಲಿ ಅತಿ ಇಷ್ಟವಾದ ಪ್ಲೇ ಇದು.

ಸಮ ಆಗಿದ್ರೆ? ಎರಡನೇ ಓವರ್‌ಟೈಮ್‌ನಲ್ಲಿ ಟಚ್‌ಡೌನ್ ಆದ್ಮೇಲೆ ಕಿಕ್ ಮಾಡೋ ಹಾಗಿಲ್ಲ, ಬಾಲನ್ನ ಮತ್ತೆ ಎಂಡ್ ಝೋನ್‌ಗೆ ಒಯ್ದು 2 ಪಾಯಿಂಟ್‌ಗೇ ಪ್ರಯತ್ನಿಸಬೇಕು. ಮೂರನೆಯದರಿಂದ ಬರೀ ಆ 2 ಪಾಯಿಂಟ್ ಪ್ಲೇಗಳು.

ಗೆದ್ದ ಜಾರ್ಜಿಯಾಗೆ 12 ತಂಡಗಳ ಪ್ಲೇಆಫ್‌ನಲ್ಲಿ ಎರಡನೇ ಸೀಡ್, ಮೊದಲ ಸುತ್ತಿಗೆ ಬಿಡುವು. 26 ದಿನ ಕಳೆದು ಪ್ಲೇಆಫ್‌ನ ಕ್ವಾರ್ಟರ್‌ಫೈನಲ್ ಆದ ಶುಗರ್ ಬೌಲ್‌ನಲ್ಲಿ ಬೆಕ್ ಇಲ್ಲದೆ ಇಳಿದು ನೋಟ್ರ ಡೇಮ್‌ಗೆ 23-10ರಲ್ಲಿ ಸೋತರು. ಅಟ್ಲಾಂಟಾದಲ್ಲಿ ಸೋತಿದ್ದ ಟೆಕ್ಸಸ್ ಬಿಡುವಿಲ್ಲದೆ ಆಡಿ ಸೆಮಿಫೈನಲ್ ತಲುಪಿತು.