ವಾಲ್ವ್ ಸ್ಪ್ರಿಂಗಿಗೆ ಮನೆಯಲ್ಲೇ ಒಂದು ಕ್ಲಾಂಪ್

ಕೇಳುಗರಿಗೆಲ್ಲ ನಮಸ್ಕಾರ.

ಸೈಲೆನ್ಸರಿನಿಂದ ನೀಲಿ ಹೊಗೆ. ಪಿಕಪ್ ಇಲ್ಲ. ಕಿಕ್ ಹೊಡೆದರೆ ಕಾಲಿಗೆ ಕಂಪ್ರೆಷನ್ನೇ ಸಿಗುವುದಿಲ್ಲ. ಬೈಕಿಗೆ ಹೀಗಾದಾಗ ಮೆಕ್ಯಾನಿಕ್ ಹೇಳುವ ಮಾತು ಒಂದೇ: "ಹೆಡ್ ಬಿಚ್ಚಿ ನೋಡಬೇಕು ಸಾರ್." ಹೆಡ್ ಅಂದರೆ ಎಂಜಿನ್ ಸಿಲಿಂಡರಿನ ಮೇಲಿನ ಮುಚ್ಚಳ. ಅದನ್ನು ಬಿಚ್ಚುವುದು ದೊಡ್ಡ ಕೆಲಸವಲ್ಲ, ನಾಲ್ಕಾರು ನಟ್ಟು. ಅದರೊಳಗೆ ಪೆಟ್ರೋಲ್-ಗಾಳಿಯನ್ನು ಒಳಗೆ, ಹೊಗೆಯನ್ನು ಹೊರಗೆ ಬಿಡುವ ಬಾಗಿಲುಗಳಿವೆ, ಅವೇ ವಾಲ್ವ್. ವಾಲ್ವ್ ಹೊರಗೆ ಬರಬೇಕಾದರೆ ಮಾತ್ರ ಗಟ್ಟಿ ಸ್ಪ್ರಿಂಗ್ ಒಂದನ್ನು ಒತ್ತಿ ಹಿಡಿಯಬೇಕು. ಒತ್ತಿ ಹಿಡಿಯುವ ಆ ಟೂಲನ್ನು ಮನೆಯಲ್ಲೇ ಮಾಡಿಕೊಳ್ಳುವುದು ಹೇಗೆ ಅಂತ ಇವತ್ತು ಹೇಳುತ್ತೇನೆ.

ಜಾವಾ, ಯೆಜ್ಡಿ ಮಾತ್ರ ರಿಪೇರಿ ಮಾಡಿಕೊಂಡಿದ್ದವರಿಗೆ ಈ ಟೂಲಿನ ಅಗತ್ಯವೇ ಇರಲಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1996ರವರೆಗೆ ಬಂದ ಆ ಗಾಡಿಗಳು ಟೂ ಸ್ಟ್ರೋಕ್. ಅವುಗಳ ಹೆಡ್ಡಿನಲ್ಲಿ ವಾಲ್ವೇ ಇಲ್ಲ. ಬುಲೆಟ್ ಫೋರ್ ಸ್ಟ್ರೋಕ್, ಅದಕ್ಕೆ ವಾಲ್ವ್ ಇದೆ, ಹಾಗಾಗಿ ಅದರ ಕೆಲಸದವರಿಗೆ ಈ ಟೂಲ್ ಮೊದಲಿನಿಂದಲೂ ಗೊತ್ತಿತ್ತು. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂತು, ಆಮೇಲೆ ಸ್ಪ್ಲೆಂಡರ್ ಬಂತು. ಫೋರ್ ಸ್ಟ್ರೋಕ್ ಬೀದಿ ಬೀದಿಗೂ ತಲುಪಿತು. ಅಲ್ಲಿಂದ ಮೂಲೆ ಗ್ಯಾರೇಜಿಗೂ ವಾಲ್ವ್ ಕೆಲಸ ಶುರು.

ಆ ಸ್ಪ್ರಿಂಗ್ ಯಾಕಷ್ಟು ಗಟ್ಟಿ? ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುವಾಗ ಒಂದೊಂದು ವಾಲ್ವೂ 3000 ಸಲ ತೆರೆದು ಮುಚ್ಚುತ್ತದೆ. ಸೆಕೆಂಡಿಗೆ 50 ಸಲ. ತೆರೆಯುವುದು ಕ್ಯಾಮ್ ಅನ್ನುವ ತಿರುಗುವ ಉಬ್ಬು, ಮುಚ್ಚುವುದು ಸ್ಪ್ರಿಂಗ್. ಅಷ್ಟು ಬೇಗ ಮುಚ್ಚಬೇಕಾದ್ದರಿಂದ ಅದು ಬೆರಳಿಗೆ ಬಗ್ಗುವಂಥದ್ದಲ್ಲ. ಸ್ಪ್ರಿಂಗಿನ ಮೇಲೆ ರಿಟೇನರ್ ಅನ್ನುವ ಸಣ್ಣ ತಟ್ಟೆ ಇರುತ್ತದೆ. ಅದರ ನಡುವಿನ ತೂತಿನಲ್ಲಿ, ವಾಲ್ವಿನ ಕಡ್ಡಿಯನ್ನು ಎರಡೂ ಕಡೆಯಿಂದ ಕಚ್ಚಿಕೊಂಡು ಎರಡು ಲಾಕ್ ಕೂತಿರುತ್ತವೆ. ತೊಗರಿಬೇಳೆಯ ಹೋಳಿನಷ್ಟೇ ಇರುತ್ತವೆ. ಇಡೀ ಸ್ಪ್ರಿಂಗನ್ನು ಹಿಡಿದಿಟ್ಟಿರುವುದು ಈ ಎರಡು ಚೂರು!

ಟೂಲ್ ಯಾಕೆ, ಸುತ್ತಿಗೆ ಸಾಲದೇ ಅಂತ ಕೇಳುವವರಿದ್ದಾರೆ. ವಾಲ್ವಿನ ಕೆಳಗೆ ಮರದ ತುಂಡು ಕೊಟ್ಟು, ರಿಟೇನರ್ ಮೇಲೆ ಸಾಕೆಟ್, ಅಂದರೆ ನಟ್ಟು ಬಿಚ್ಚುವ ಟೊಳ್ಳು ಪಾನಾ, ಇಟ್ಟು ಒಂದೇಟು ಹಾಕಿದರೆ ಲಾಕ್ ಹಾರಿ ಸಾಕೆಟ್ಟಿನೊಳಗೆ ಬೀಳುತ್ತದೆ. ನಿಜ, ಬಿಚ್ಚುವುದು ಹಾಗೆ ಆಗುತ್ತದೆ. ಏಟು ಓರೆಯಾದರೆ ಕಡ್ಡಿ ಬಗ್ಗುತ್ತದೆ ಅನ್ನುವುದು ಬೇರೆ ಮಾತು. ಆದರೆ ವಾಪಸ್ ಕೂರಿಸುವಾಗ? ಸ್ಪ್ರಿಂಗ್ ಕೆಳಗೇ ನಿಂತಿರಬೇಕು, ನಿಮ್ಮ ಎರಡೂ ಕೈ ಖಾಲಿ ಇರಬೇಕು. ಸುತ್ತಿಗೆಯಿಂದ ಇದು ಆಗುವುದಿಲ್ಲ. ನನ್ನ ಪ್ರಕಾರ ಈ ಟೂಲ್ ಬೇಕಿರುವುದೇ ಕೂರಿಸುವುದಕ್ಕೆ. ಹಾಗಾಗಿ ಮಾಡುವಾಗಲೂ ಅದನ್ನೇ ತಲೆಯಲ್ಲಿಟ್ಟುಕೊಳ್ಳಬೇಕು.

ಕಾರಿನ ಕೆಲಸಕ್ಕೆ ಅಂಗಡಿಯಲ್ಲಿ ಸಿಗುವ ಸ್ಪ್ರಿಂಗ್ ಒತ್ತುವ ಟೂಲ್ ಬೈಕಿಗೆ ಎಷ್ಟೋ ಸಲ ಹೊಂದುವುದಿಲ್ಲ. ಬೈಕಿನ ಅಲ್ಯುಮಿನಿಯಂ ಹೆಡ್ಡಿನಲ್ಲಿ ಸ್ಪ್ರಿಂಗ್ ಗುಳಿಯೊಳಗೆ ಇರುತ್ತದೆ. ಟೂಲಿನ ದಪ್ಪ ಪಾದ ಗುಳಿಯ ಗೋಡೆಗೆ ತಾಗಿ ನಿಂತುಬಿಡುತ್ತದೆ. ಬಜಾಜ್ ಎನ್‌ಎಸ್ 200 ಥರದ ನಾಲ್ಕು ವಾಲ್ವಿನ ಹೆಡ್ ಆದರಂತೂ ಜಾಗ ಇನ್ನೂ ಇಕ್ಕಟ್ಟು.

ಬೇಕಾಗಿರುವುದು ಒಂದು ಜಿ ಕ್ಲಾಂಪ್, ಅಂದರೆ ಜಿ ಅಕ್ಷರದ ಆಕಾರದ, ಸ್ಕ್ರೂ ತಿರುಗಿಸಿ ಬಿಗಿಯುವ ಹಿಡಿ, ಮತ್ತು ಒಂದು ಪೈಪಿನ ತುಂಡು. ಕ್ಲಾಂಪ್ ಉಕ್ಕಿನದಿರಲಿ. ಬೀಡು ಕಬ್ಬಿಣದ್ದಾದರೆ ವೆಲ್ಡ್ ಮಾಡಿ ಆರಿದ ಮೇಲೆ ಅಲ್ಲೇ ಬಿರುಕು ಬಿಡಬಹುದು. ಹೆಡ್ಡಿನ ಅಂಚಿನಿಂದ ವಾಲ್ವಿನ ನಡುವಿನವರೆಗೆ ಕ್ಲಾಂಪಿನ ಬಾಯಿ ಎಟುಕುತ್ತದಾ ಅಂತ ಹೆಡ್ ಇಟ್ಟು ನೋಡಿಯೇ ಕ್ಲಾಂಪ್ ಖರೀದಿಸಿ.

ಪೈಪಿನ ಅಳತೆಗೆ ವರ್ನಿಯರ್ ಅನ್ನುವ ಅಳತೆಯ ಟೂಲ್ ಹಿಡಿಯಿರಿ. ಪೈಪ್ ರಿಟೇನರಿನ ಅಂಚಿನ ಮೇಲೆ ಸರಿಯಾಗಿ ಕೂರಬೇಕು, ಅದಕ್ಕಿಂತ ಅಗಲ ಇರಬಾರದು, ಲಾಕಿನ ತೂತಿಗೆ ಅಡ್ಡ ಬರಲೂಬಾರದು. ಅರ್ಧ ಇಂಚಿನ ನೀರಿನ ಪೈಪನ್ನು ಹೊರಗಿನಿಂದ ಅಳೆದರೆ ಸುಮಾರು 21 ಮಿಲಿಮೀಟರ್ ಬರುತ್ತದೆ. ಅದು ದಪ್ಪ ಆಯಿತು ಅಂದರೆ ಗುಜರಿಯಲ್ಲಿ ಹಳೇ ಪ್ಲಗ್ ಪಾನಾ ಹುಡುಕಿ, ಅದೂ ಪೈಪೇ ಅಲ್ವಾ. ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ, ಪೈಪ್ ಆದರೆ ವೆಲ್ಡ್ ಮಾಡುವ ಕಡೆ ಸತುವಿನ ಲೇಪವನ್ನು ಉಜ್ಜಿ ತೆಗೆಯಿರಿ. ಅದು ಉರಿದಾಗ ಬರುವ ಬಿಳಿ ಹೊಗೆ ಕುಡಿದರೆ ಜ್ವರ ಬರುತ್ತದೆ.

ಈಗ ಕಿಟಕಿ. ಲಾಕ್ ತೆಗೆಯುವುದು, ಹಾಕುವುದು ಎಲ್ಲ ಇದರೊಳಗಿನಿಂದಲೇ. ಪೈಪಿನ ಒಂದು ಬದಿಯಲ್ಲಿ ಸುತ್ತಳತೆಯ ಮೂರರಲ್ಲೊಂದು ಭಾಗ ಹ್ಯಾಕ್ಸಾದಿಂದ ಕತ್ತರಿಸಿ ತೆಗೆಯಿರಿ. ಕೆಳಗಿನ ತುದಿಯಲ್ಲಿ ಮೂರ್ನಾಲ್ಕು ಮಿಲಿಮೀಟರ್ ಬಳೆ ಹಾಗೇ ಉಳಿಯಲಿ, ಇಲ್ಲದಿದ್ದರೆ ಭಾರ ಬಿದ್ದಾಗ ಪೈಪಿನ ಬಾಯಿ ಅಗಲವಾಗುತ್ತದೆ. ಎದುರು ಬದಿಯಲ್ಲೂ ಅಂಥದ್ದೇ ಇನ್ನೊಂದು ಕಿಟಕಿ ಮಾಡಿ, ಬೆಳಕು ಬರುತ್ತದೆ. ಕಿಟಕಿ ಸ್ವಲ್ಪ ಎತ್ತರವೇ ಇರಲಿ, ಯಾಕೆಂದರೆ ಗುಳಿಯೊಳಗೆ ಚಿಮಟ ಮೇಲಿನಿಂದ ಓರೆಯಾಗಿ ಇಳಿಯಬೇಕು. ಕತ್ತರಿಸಿದ ಅಂಚನ್ನೆಲ್ಲ ಅರದಿಂದ ಉಜ್ಜಿ.

ಪೈಪನ್ನು ಕ್ಲಾಂಪಿನ ಯಾವ ತುದಿಗೆ ಕೂರಿಸಬೇಕು? ಸ್ಕ್ರೂ ಇರುವ ತುದಿಗೆ ಬೇಡ. ಅಲ್ಲಿ ಕೂರಿಸಿದರೆ ತಿರುಗಿಸಿದಾಗ ಕಿಟಕಿಯೂ ತಿರುಗಿ ಹಿಂದಕ್ಕೆ ಹೋಗುತ್ತದೆ. ಅಲುಗದ ತುದಿಗೆ, ಕಿಟಕಿ ನಿಮ್ಮ ಮುಖಕ್ಕೆ ಬರುವಂತೆ, ನೇರವಾಗಿ ವೆಲ್ಡ್ ಮಾಡಿಸಿ. ಸ್ಕ್ರೂ ತುದಿ ಕೆಳಗಿನಿಂದ ವಾಲ್ವಿನ ಮುಖಕ್ಕೆ ಒತ್ತುತ್ತದೆ. ಅಲ್ಲಿ ಒಂದು ಚೂರು ತಾಮ್ರದ ಅಥವಾ ಅಲ್ಯುಮಿನಿಯಂ ತಗಡು ಅಂಟಿಸಿದರೆ ಗೀರು ಬೀಳುವುದಿಲ್ಲ.

ಬಳಸುವಾಗ ಕನ್ನಡಕ ಇರಲೇಬೇಕು. ಮೊದಲು ರಿಟೇನರ್ ಮೇಲೆ ಸಾಕೆಟ್ ಇಟ್ಟು ಮೆಲ್ಲಗೆ ತಟ್ಟಿ, ಕಚ್ಚಿಕೊಂಡ ಲಾಕ್ ಸಡಿಲವಾಗುತ್ತದೆ. ಆಮೇಲೆ ಸ್ಕ್ರೂ ತಿರುಗಿಸುತ್ತಾ ಹೋಗಿ. ಲಾಕ್ ಬಿಡುವಷ್ಟು ಮಾತ್ರ ಒತ್ತಿ. ಸುಮ್ನೆ ಪೂರ್ತಿ ಒತ್ತಿದರೆ ಸ್ಪ್ರಿಂಗಿನ ಬಿಗಿ ಹೋಗುತ್ತದೆ. ಲಾಕನ್ನು ಅಯಸ್ಕಾಂತದಿಂದ ಎತ್ತಿಕೊಳ್ಳಿ. ವಾಲ್ವ್ ಎಳೆಯುವ ಮೊದಲು ಕಡ್ಡಿಯ ತುದಿಯನ್ನು ಬೆರಳಿನಿಂದ ಮುಟ್ಟಿ ನೋಡಿ. ತುದಿ ಜಜ್ಜಿ ಅಗಲವಾಗಿದ್ದರೆ ಸಾಣೆಕಲ್ಲಿನಿಂದ ಸರಿ ಮಾಡಿಕೊಂಡು ಎಳೆಯಿರಿ. ಹಾಗೇ ಎಳೆದರೆ ಕಡ್ಡಿ ಓಡಾಡುವ ಕೊಳವೆ, ಅಂದರೆ ಗೈಡ್, ಹಾಳು.

ಕೂರಿಸುವಾಗ ಸ್ಪ್ರಿಂಗಿನಲ್ಲಿ ಸುತ್ತು ಒತ್ತೊತ್ತಾಗಿರುವ ಕಡೆ ಹೆಡ್ಡಿನತ್ತ, ಅಂದರೆ ಕೆಳಗೆ. ಲಾಕಿನ ಒಳಮೈಗೆ ಒಂದಿಷ್ಟು ಗ್ರೀಸ್ ಸವರಿದರೆ ಅದು ಕಡ್ಡಿಗೆ ಅಂಟಿಕೊಂಡು ನಿಲ್ಲುತ್ತದೆ, ಎರಡನೆಯದನ್ನು ಹಾಕುವಾಗ ಮೊದಲನೆಯದು ಜಾರುವುದಿಲ್ಲ. ಎರಡೂ ಕೂತ ಮೇಲೆ ಸ್ಕ್ರೂ ನಿಧಾನವಾಗಿ ಸಡಿಲಿಸಿ, ಕ್ಲಾಂಪ್ ತೆಗೆದು, ಕಡ್ಡಿಯ ತುದಿಗೆ ಪ್ಲಾಸ್ಟಿಕ್ ಸುತ್ತಿಗೆಯಿಂದ ಎರಡು ಸಲ ತಟ್ಟಿ. ಹೀಗೆ ತಟ್ಟುವಾಗ ವಾಲ್ವಿನ ಮುಖ ಟೇಬಲ್ಲಿಗೆ ತಾಗದಂತೆ ಹೆಡ್ಡನ್ನು ಎತ್ತಿ ಇಡಿ.

ಆಮೇಲೆ ಪೋರ್ಟಿನೊಳಗೆ, ಅಂದರೆ ವಾಲ್ವಿನ ಹಿಂದಿನ ದಾರಿಯೊಳಗೆ, ಸ್ವಲ್ಪ ಸೀಮೆಎಣ್ಣೆ ಸುರಿದು ಕಾಯಿರಿ. ವಾಲ್ವಿನ ಸುತ್ತ ಒದ್ದೆ ಕಾಣಿಸಿದರೆ ವಾಲ್ವ್ ಕೂರುವ ಅಂಚು, ಅಂದರೆ ಸೀಟ್, ಇನ್ನೂ ಸರಿಯಾಗಿಲ್ಲ ಅಂತ ಅರ್ಥ. ಪುನಃ ಕ್ಲಾಂಪ್ ಹಾಕಿ ವಾಲ್ವ್ ತೆಗೆದು, ವಾಲ್ವ್ ಅರೆಯುವ ಪೇಸ್ಟ್ ಹಚ್ಚಿ ಸೀಟಿಗೆ ಅರೆಯಲೇಬೇಕು. ಒಣಗಿದ್ದರೆ ಹೆಡ್ ಗಾಡಿಗೇರಿಸಿ.

ನಮಸ್ಕಾರ.